ನಾಲ್ಕು ಪ್ರಿಂಟರ್, ಐದು ಕಂಪ್ಯೂಟರ್: ಯಾವ ದಾರಿಯಲ್ಲಿ ಹಂಚಿಕೊಂಡರೆ ಒಳ್ಳೇದು?

"ಸರ್, ಪ್ರಿಂಟ್ ಕೊಟ್ಟಿದೀನಿ, ಬಂತಾ ಸ್ವಲ್ಪ ನೋಡಿ."

ಪ್ರಿಂಟರ್‌ಗಳ ಪಕ್ಕದ ಮೇಜು ನನ್ನದು. ಅದಕ್ಕೇ ಈ ಮಾತು ದಿನವೂ ನನ್ನ ಕಿವಿಗೆ ಬೀಳುತ್ತಿತ್ತು. ನೋಡಿದರೆ ಕಾಗದ ಬಂದಿರುತ್ತಿರಲಿಲ್ಲ. ಇಲ್ಲವೇ ಪಕ್ಕದ ಪ್ರಿಂಟರಿನಲ್ಲಿ ಬಂದು ಬಿದ್ದಿರುತ್ತಿತ್ತು. ಕೊನೆಗೆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಪ್ರಿಂಟರ್ ತಗುಲಿಸಿರುವ ಕಂಪ್ಯೂಟರ್ ಹತ್ತಿರ ಹೋಗಿ, ಅಲ್ಲಿ ಕೂತವರನ್ನು ಎಬ್ಬಿಸಿ ಪ್ರಿಂಟ್ ತೆಗೆಯಬೇಕು. ಹತ್ತು ಹೆಜ್ಜೆ ದೂರದಲ್ಲೇ ನಾಲ್ಕು ಪ್ರಿಂಟರ್ ಇಟ್ಟುಕೊಂಡು ಈ ಓಡಾಟ ಯಾಕೆ ಅನ್ನಿಸಿತು. ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡೋಣ ಅಂತ ಹೊರಟೆ. ಮುಖ್ಯವಾದ ಒಂದೊಂದನ್ನೂ ಎರಡು ಮೂರು ವಾರ ಬಿಡದೆ ಬಳಸಿದೆವು.

ನಮ್ಮಲ್ಲಿ ಇರುವುದು ಇಷ್ಟು. ಒಂದು ಕಪ್ಪು-ಬಿಳುಪು ಲೇಸರ್, ಅದಕ್ಕೆ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಹಾಕುವ ಜಾಗ) ಇದೆ. ಒಂದು ಬಣ್ಣದ ಇಂಕ್ ಪ್ರಿಂಟರ್, ವೈಫೈ ಇದೆ, ಮೇಲೆ ಸ್ಕ್ಯಾನರ್ ಇದೆ. ಮೂರನೆಯದು ಹಳೇ ಚಿಕ್ಕ ಲೇಸರ್, ಯುಎಸ್‌ಬಿ ಬಿಟ್ಟರೆ ಬೇರೇನೂ ಇಲ್ಲ. ನಾಲ್ಕನೆಯದು ಡಾಟ್ ಮ್ಯಾಟ್ರಿಕ್ಸ್, ಕಾರ್ಬನ್ ಪ್ರತಿ ಬೇಕಾದ ಫಾರಂಗಳಿಗೆ. ಕಂಪ್ಯೂಟರ್ ಐದು. ಮೂರರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್, ಇನ್ನೊಂದು ಮ್ಯಾಕ್. ಜೊತೆಗೆ ಎಲ್ಲರ ಕೈಯಲ್ಲೂ ಮೊಬೈಲ್.

ಪ್ರತಿ ದಾರಿಗೂ ಮೂರು ಪರೀಕ್ಷೆ ಇಟ್ಟೆ. ಒಂದು, ಬೆಳಿಗ್ಗೆ ಮೊದಲು ಬಂದವರು ಬೇರೆ ಯಾರ ಕಂಪ್ಯೂಟರನ್ನೂ ಆನ್ ಮಾಡದೆ ಪ್ರಿಂಟ್ ತೆಗೆಯಬಹುದಾ? ಎರಡು, ಒಬ್ಬರು 40 ಪುಟದ ಪಿಡಿಎಫ್ ಕೊಟ್ಟಿರುವಾಗಲೇ ಇನ್ನೊಬ್ಬರು ಒಂದು ಪುಟ ಕೊಟ್ಟರೆ ಏನಾಗುತ್ತದೆ? ಮೂರು, ನಡುವೆ ಕಾಗದ ಮುಗಿದು ಮತ್ತೆ ತುಂಬಿದಾಗ ಉಳಿದ ಪುಟ ತಾನಾಗೇ ಬರುತ್ತದಾ? ವೇಗ ಅಳೆಯೋಕೆ ಹೋಗಲಿಲ್ಲ. ದಿನದ ಕಾಗದಪತ್ರಕ್ಕೆ ಯಾವ ಕೇಬಲ್ ಆದರೂ ಸಾಕು, ತಡ ಆಗುವುದೆಲ್ಲ ಪ್ರಿಂಟರ್ ಕಾಗದ ಎಳೆಯುವಾಗಲೇ.

ಪ್ರಿಂಟರ್ ಪಕ್ಕ ಒಂದು ನೋಟ್‌ಬುಕ್ ನೇತು ಹಾಕಿದೆ. ಪ್ರಿಂಟ್ ಬರದಿದ್ದರೆ ಒಂದು ಸಾಲು ಬರೆಯಬೇಕು: ಯಾವ ಕಂಪ್ಯೂಟರ್, ಯಾವ ಪ್ರಿಂಟರ್, ಏನಾಯಿತು. ಮುಂದೆ ಹೇಳುವುದರಲ್ಲಿ ಜಾಸ್ತಿ ಪಾಲು ಆ ನೋಟ್‌ಬುಕ್‌ನಿಂದಲೇ ಬಂದದ್ದು.

ಕೈಯಲ್ಲಿ ತಿರುಗಿಸುವ ಸ್ವಿಚ್ ಬಾಕ್ಸ್

ಎಲ್ಲಕ್ಕಿಂತ ಹಳೇ ದಾರಿ ಇದು. ಪ್ಯಾರಲಲ್ ಪೋರ್ಟ್ ಕಾಲದಲ್ಲಿ 25 ಪಿನ್ನಿನ ದಪ್ಪ ಕೇಬಲ್‌ಗಳನ್ನು ಒಂದು ತಗಡಿನ ಡಬ್ಬಿಗೆ ಸೇರಿಸಿ, ಎದುರಿನ ನಾಬ್ ತಿರುಗಿಸುತ್ತಿದ್ದರು. ಈಗ ಅದೇ ಕೆಲಸಕ್ಕೆ ಯುಎಸ್‌ಬಿ ಡಬ್ಬಿ, ನಾಬ್ ಬದಲು ಗುಂಡಿ. ನಾಲ್ಕು ಕಂಪ್ಯೂಟರಿಗೆ ಒಂದು ಪ್ರಿಂಟರ್ ಅನ್ನುವುದು ಇದರ ಲೆಕ್ಕ. ಡಬ್ಬಿಯ ಹಿಂದೆ ಒಂದು ಯುಎಸ್‌ಬಿ ಹಬ್ ಹಾಕಿದರೆ ಮೂರು ಪ್ರಿಂಟರನ್ನೂ ಸೇರಿಸಬಹುದು. ಆದರೆ ಮೂರೂ ಒಟ್ಟಿಗೇ ಒಬ್ಬರ ಪಾಲಾಗುತ್ತವೆ. ನನಗೆ ಬಣ್ಣದ್ದು, ನಿಮಗೆ ಕಪ್ಪು-ಬಿಳುಪು ಅಂತ ಬಿಡಿಸಿಕೊಳ್ಳೋಕೆ ಆಗದು.

ಇದರ ಗುಣ ದೊಡ್ಡದೇ. ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಬೇಡ. ಪ್ರತಿ ಕಂಪ್ಯೂಟರಿಗೂ ಪ್ರಿಂಟರ್ ನೇರ ತಗುಲಿಸಿದ ಹಾಗೇ ಕಾಣುತ್ತದೆ. ಇಂಕ್ ಎಷ್ಟಿದೆ ಅಂತ ತೋರಿಸುತ್ತದೆ, ಸ್ಕ್ಯಾನರ್ ಕೂಡ ಕೆಲಸ ಮಾಡುತ್ತದೆ. ಬೆಳಗಿನ ಪರೀಕ್ಷೆಯಲ್ಲಿ ಪಾಸ್.

ಎರಡನೇ ಪರೀಕ್ಷೆಯಲ್ಲಿ ಬಿತ್ತು, ಬಿದ್ದ ರೀತಿ ಇನ್ನೂ ಕಣ್ಣ ಮುಂದಿದೆ. ಒಬ್ಬರ 40 ಪುಟ ನಡೆಯುತ್ತಿತ್ತು. ಪ್ರಿಂಟರ್ ಒಂದು ಕ್ಷಣ ಸುಮ್ಮನಾದಾಗ, ಮುಗಿಯಿತು ಅಂದುಕೊಂಡು ಇನ್ನೊಬ್ಬರು ಗುಂಡಿ ಒತ್ತಿದರು. ಟಕ್ ಅಂತ ಸದ್ದು. ಪ್ರಿಂಟರಿಗೆ ಮೊದಲ ಕಡತದ ಬಾಲ ಸಿಗಲಿಲ್ಲ, ಎರಡನೆಯದರ ತಲೆ ಅರ್ಥವಾಗಲಿಲ್ಲ. ಕಾಗದದ ಮೇಲ್ತುದಿಯಲ್ಲಿ ಅರ್ಧ ಸಾಲು ಚಿತ್ರವಿಚಿತ್ರ ಗುರುತು, ಉಳಿದದ್ದೆಲ್ಲ ಖಾಲಿ. ಮುಂದಿನ ಪುಟವೂ ಹಾಗೇ. ಅದರ ಮುಂದಿನದೂ ಹಾಗೇ. ಟ್ರೇ ಎಳೆದು, ಪ್ರಿಂಟರ್ ಆಫ್ ಮಾಡಿ, ಎರಡೂ ಕಂಪ್ಯೂಟರಿನ ಕ್ಯೂ ಖಾಲಿ ಮಾಡಬೇಕಾಯಿತು. ಪ್ರಿಂಟ್ ಆಜ್ಞೆಯ ಆರಂಭ ತಪ್ಪಿಹೋದರೆ ಪ್ರಿಂಟರ್ ಉಳಿದದ್ದನ್ನು ಸುಮ್ನೆ ಅಕ್ಷರ ಅಂದುಕೊಂಡು ಹೊಡೆಯುತ್ತಾ ಹೋಗುತ್ತದೆ. ಅದಕ್ಕೇ ಹೀಗೆ.

ಇನ್ನೆರಡು ಮಾತು. ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ ಇದೆ, ಹಾಗಾಗಿ ದೂರದ ಮೇಜಿಗೆ ಇದು ತಲುಪದು. ಕೆಲವು ಪ್ರಿಂಟರ್‌ಗಳನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಬದಲಾಯಿಸಿದರೆ ವಿಂಡೋಸ್ ಹೊಸ ಪ್ರಿಂಟರ್ ಬಂತು ಅಂತ ತಿಳಿದು 'ಕಾಪಿ 1' ಅಂತ ಇನ್ನೊಂದು ಹೆಸರು ಹುಟ್ಟಿಸುತ್ತದೆ. ಆಮೇಲೆ ಹಳೇ ಹೆಸರಿಗೆ ಕೊಟ್ಟ ಪ್ರಿಂಟ್ ಎಲ್ಲಿಗೂ ಹೋಗುವುದಿಲ್ಲ. ಕೇಬಲ್ ಎಲ್ಲಿತ್ತೋ ಅಲ್ಲೇ ಇರಲಿ.

ಎದುರುಬದುರು ಕೂರುವ ಇಬ್ಬರು, ಸ್ಕ್ಯಾನರ್ ಇರುವ ಒಂದೇ ಪ್ರಿಂಟರ್: ಈ ಲೆಕ್ಕಕ್ಕೆ ಸ್ವಿಚ್ ಬಾಕ್ಸ್ ಇವತ್ತಿಗೂ ಸರಿ. ಮೂರನೆಯವರು ಸೇರಿದ ದಿನ ತೆಗೆದಿಡಿ.

ಒಂದು ವಿಂಡೋಸ್ ಕಂಪ್ಯೂಟರಿನಿಂದ ಶೇರ್ ಮಾಡುವುದು

ಜಾಸ್ತಿ ಜನ ಮೊದಲು ಹಿಡಿಯುವುದು ಇದೇ ದಾರಿ, ಯಾಕಂದ್ರೆ ಹೊಸದಾಗಿ ಏನೂ ಬೇಕಿಲ್ಲ. ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ಶೇರಿಂಗ್‌ನಲ್ಲಿ ಟಿಕ್ ಹಾಕಿ, ಒಂದು ಚಿಕ್ಕ ಹೆಸರು ಕೊಡುವುದು. ಬೇರೆ ಕಂಪ್ಯೂಟರಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರ್ ಹೆಸರು, ಮತ್ತೆ ಒಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರ್ ಹೆಸರು. ಎಲ್ಲ ಸರಿಯಿದ್ದರೆ ಎರಡು ನಿಮಿಷದ ಕೆಲಸ. ನೆಟ್‌ವರ್ಕ್ 'ಪ್ರೈವೇಟ್' ಅಂತ ಇರಬೇಕು, 'ಪಬ್ಲಿಕ್' ಅಂತ ಇದ್ದರೆ ಫೈರ್‌ವಾಲ್ ಬಾಗಿಲು ತೆಗೆಯುವುದಿಲ್ಲ. ಶೇರ್ ಹೆಸರಿನಲ್ಲಿ ಖಾಲಿ ಜಾಗ ಬಿಡದಿರುವುದು ಒಳ್ಳೇದು.

ಎರಡನೇ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಪಾಸಾಯಿತು. ಪ್ರಿಂಟ್ ಕೆಲಸಗಳನ್ನು ಸಾಲಾಗಿ ನಿಲ್ಲಿಸುವ ತಂತ್ರಾಂಶ, ಅಂದರೆ ಸ್ಪೂಲರ್, ಒಂದೇ ಕಡೆ ಇರುವುದರಿಂದ ಎಲ್ಲರ ಕೆಲಸವೂ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು, ಯಾರ ಪುಟವೂ ಕಲಸಿಹೋಗಲಿಲ್ಲ. ಒಂದೇ ಮಾದರಿಯ ಎರಡು ಪ್ರಿಂಟರ್ ಇದ್ದರೆ ಪೋರ್ಟ್ಸ್ ಅನ್ನುವಲ್ಲಿ 'ಪ್ರಿಂಟರ್ ಪೂಲಿಂಗ್' ಹಾಕಿ ಎರಡನ್ನೂ ಒಂದೇ ಹೆಸರಿನಡಿ ತರಬಹುದು, ಯಾವುದು ಖಾಲಿ ಇದೆಯೋ ಅದಕ್ಕೆ ಕೆಲಸ ಹೋಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲದ ಒಳ್ಳೇ ಸೌಲಭ್ಯ.

ಸೋತದ್ದು ಮೊದಲನೇ ಪರೀಕ್ಷೆಯಲ್ಲಿ, ಅದೂ ದಿನವೂ. ಪ್ರಿಂಟರ್‌ಗಳನ್ನು ತಗುಲಿಸಿದ್ದು ಲೆಕ್ಕ ನೋಡಿಕೊಳ್ಳುವ ಮೇಡಂ ಅವರ ಕಂಪ್ಯೂಟರಿಗೆ. ಅವರು ಹತ್ತು ಗಂಟೆಗೆ ಬರುತ್ತಾರೆ. ಒಂಬತ್ತಕ್ಕೆ ಬಂದವರಿಗೆ ಪ್ರಿಂಟ್ ಇಲ್ಲ. ಅವರು ಊಟಕ್ಕೆ ಎದ್ದು ಹೋದರೆ ಕಂಪ್ಯೂಟರ್ ನಿದ್ದೆಗೆ ಹೋಗುತ್ತದೆ, ಎಲ್ಲರ ಪ್ರಿಂಟೂ 'ಆಫ್‌ಲೈನ್' ಅಂತ ನಿಲ್ಲುತ್ತದೆ. ಸ್ಲೀಪ್ ಬಂದ್ ಮಾಡಿದೆ. ಸಂಜೆ ಅವರು ಶಟ್‌ಡೌನ್ ಮಾಡಿ ಹೋಗುತ್ತಾರೆ, ಅದು ಸರಿಯಾದ ಅಭ್ಯಾಸವೇ ಅಲ್ವಾ? ಅವರನ್ನು ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಒಬ್ಬರು ರಜೆ ಹಾಕಿದರೆ ಉಳಿದವರೆಲ್ಲರ ಪ್ರಿಂಟ್ ನಿಲ್ಲುತ್ತದೆ ಅಂದರೆ ತಪ್ಪು ಜನರದಲ್ಲ, ಜೋಡಣೆಯದು. ನೋಟ್‌ಬುಕ್‌ನಲ್ಲಿ ಆ ವಾರಗಳ ಸಾಲುಗಳನ್ನು ಓದಿದರೆ ಹೆಚ್ಚಿನವು ಒಂದೇ ಮಾತು: 'ಮೇಡಂ ಸಿಸ್ಟಮ್ ಆಫ್'.

ಕಾಗದ ಮುಗಿದಾಗಲೂ ಒಂದು ತೊಡಕು ಕಂಡಿತು. ಕಾಗದ ಇಲ್ಲ ಅನ್ನುವ ಸೂಚನೆ ಮೇಡಂ ಪರದೆಯಲ್ಲಿ ಬರುತ್ತಿತ್ತು, ಪ್ರಿಂಟ್ ಕೊಟ್ಟವರ ಪರದೆಯಲ್ಲಿ ಅಲ್ಲ. ಕೊಟ್ಟವರು ಕಾಯುತ್ತಾ ಕೂರುವುದು, ಮೇಡಂ ತಮಗೆ ಸಂಬಂಧವೇ ಇಲ್ಲದ ಸೂಚನೆ ಮುಚ್ಚುತ್ತಾ ಇರುವುದು.

ಈ ದಾರಿಯ ಇನ್ನೊಂದು ಮುಖ ಸುರಕ್ಷತೆ. 2021ರ ಜುಲೈನಲ್ಲಿ ವಿಂಡೋಸ್ ಪ್ರಿಂಟ್ ಸ್ಪೂಲರಿನಲ್ಲಿ ದೊಡ್ಡ ತೂತು ಬಯಲಾಯಿತು, 'ಪ್ರಿಂಟ್‌ನೈಟ್‌ಮೇರ್' ಅಂತ ಹೆಸರಾಯಿತು. ಆಗಸ್ಟ್ ಅಪ್‌ಡೇಟ್‌ನಿಂದ ಮುಂದೆ, ಶೇರ್ ಮಾಡಿದ ಪ್ರಿಂಟರಿನ ಡ್ರೈವರ್ (ಆ ಪ್ರಿಂಟರಿನ ಜೊತೆ ಮಾತಾಡೋಕೆ ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಹಾಕಿಕೊಳ್ಳೋಕೆ ಅಡ್ಮಿನ್ ಅನುಮತಿ ಬೇಕೇ ಬೇಕು ಅಂತಾಯಿತು. ಸೆಪ್ಟೆಂಬರಿನ ನಂತರ ಕೊನೆಯಲ್ಲಿ 11ಬಿ ಬರುವ ಎರರ್ ಎಷ್ಟೋ ಕಡೆ ಕಾಣಿಸಿಕೊಂಡಿತು. ಅದಕ್ಕೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ, ಒಂದು ಸಂಖ್ಯೆ ಬದಲಿಸುವ ಉಪಾಯ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಹಾಗೆ ಮಾಡಿದರೆ ಎರರ್ ಹೋಗುತ್ತದೆ ನಿಜ, ಜೊತೆಗೆ ಅಪ್‌ಡೇಟ್ ಮುಚ್ಚಿದ ತೂತೂ ಮತ್ತೆ ತೆರೆಯುತ್ತದೆ. ಎಲ್ಲ ಕಂಪ್ಯೂಟರಿಗೂ ಅಪ್‌ಡೇಟ್ ಹಾಕುವುದೇ ಸರಿಯಾದ ಮದ್ದು. ಅದು ಆಗದಿದ್ದರೆ ಈ ದಾರಿಯನ್ನೇ ಬಿಡುವುದು.

ನೇರವಾಗಿ ನೆಟ್‌ವರ್ಕಿಗೆ

ಲ್ಯಾನ್ ಪೋರ್ಟ್ ಇರುವ ಲೇಸರಿಗೆ ಒಂದು ಕೇಬಲ್ ಎಳೆದು ರೌಟರಿಗೆ ಹಾಕಿದೆ. ಅಷ್ಟೇ. ಐದೂ ಕಂಪ್ಯೂಟರಿನಲ್ಲಿ ಒಂದೊಂದು ಸಲ ಸೇರಿಸಿದೆ. ಮೊದಲ ದಿನ ಎಲ್ಲರಿಗೂ ಪ್ರಿಂಟ್ ಬಂತು. ಒಂದು ವಾರ ಆದ ಮೇಲೆ ಕರೆಂಟ್ ಹೋಗಿ ಬಂತು, ಯಾರಿಗೂ ಪ್ರಿಂಟ್ ಇಲ್ಲ.

ಕಾರಣ ಸರಳ. ರೌಟರ್ ಪ್ರತಿ ಸಾಧನಕ್ಕೂ ಐಪಿ ಅಡ್ರೆಸ್ ಹಂಚುತ್ತದೆ. ಆಫ್ ಆಗಿ ಆನ್ ಆದಾಗ ಪ್ರಿಂಟರಿಗೆ ಬೇರೆ ಅಡ್ರೆಸ್ ಸಿಕ್ಕಿತ್ತು. ಕಂಪ್ಯೂಟರ್‌ಗಳು ಹಳೇ ಮನೆಯ ಬಾಗಿಲು ಬಡಿಯುತ್ತಿದ್ದವು. ರೌಟರ್ ಪುಟಕ್ಕೆ ಹೋಗಿ, ಪ್ರಿಂಟರಿನ ಮ್ಯಾಕ್ ಅಡ್ರೆಸ್ (ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧ ಇಲ್ಲ, ಪ್ರತಿ ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಕೊಟ್ಟು, ಇದಕ್ಕೆ ಸದಾ ಇದೇ ಐಪಿ ಅಂತ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿದೆ. ಪ್ರಿಂಟರಿನಲ್ಲೇ ಕೈಯಾರೆ ಅಡ್ರೆಸ್ ತುಂಬುವುದಕ್ಕಿಂತ ಇದು ಮೇಲು. ಎಲ್ಲ ಅಡ್ರೆಸ್ಸೂ ಒಂದೇ ಕಡೆ ಕಾಣುತ್ತವೆ, ಎರಡು ಸಾಧನಕ್ಕೆ ಒಂದೇ ಅಡ್ರೆಸ್ ಹೋಗುವ ಭಯ ಇಲ್ಲ.

ವಿಂಡೋಸಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದಕ್ಕೇ ನನ್ನ ಎರಡು ದಿನ ಹೋದವು. ಪ್ರಿಂಟರನ್ನು ತಾನಾಗಿ ಹುಡುಕಿ ಸೇರಿಸೋಕೆ ಬಿಟ್ಟರೆ ಎಷ್ಟೋ ಸಲ ಅದು 'ಡಬ್ಲ್ಯೂಎಸ್‌ಡಿ' ಅನ್ನುವ ಪೋರ್ಟ್ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಅದು ಆಗಾಗ ಪ್ರಿಂಟರನ್ನು ಕಳೆದುಕೊಳ್ಳುತ್ತಿತ್ತು. ಕೈಯಾರೆ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಮಾಡಿ ಐಪಿ ಕೊಟ್ಟ ಮೇಲೆ ನಿಂತಿತು. ಆದರೂ ಒಂದು ಕಂಪ್ಯೂಟರಿನಲ್ಲಿ ಪ್ರಿಂಟರ್ 'ಆಫ್‌ಲೈನ್' ಅಂತಲೇ ತೋರಿಸುತ್ತಿತ್ತು, ಪಕ್ಕದ ಕಂಪ್ಯೂಟರಿನಿಂದ ಅದೇ ಪ್ರಿಂಟರಿಗೆ ಪ್ರಿಂಟ್ ಹೋಗುತ್ತಿತ್ತು! ಪೋರ್ಟಿನ ಸೆಟ್ಟಿಂಗ್ ಒಳಗೆ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಅಂತ ಒಂದು ಟಿಕ್ ಇರುತ್ತದೆ. ವಿಂಡೋಸ್ ಆ ದಾರಿಯಲ್ಲಿ ಪ್ರಿಂಟರನ್ನು ಇದೀಯಾ ಅಂತ ಕೇಳುತ್ತದೆ. ಉತ್ತರ ಬರದಿದ್ದರೆ ಆಫ್‌ಲೈನ್ ಅಂತ ತೀರ್ಮಾನ. ಆ ಟಿಕ್ ತೆಗೆದೆ. ನಿಂತಿದ್ದ ಪ್ರಿಂಟ್‌ಗಳೆಲ್ಲ ಒಂದರ ಹಿಂದೆ ಒಂದು ಬಂದು ಬಿದ್ದವು. ನೀವು ಈ ಬರಹದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮೂರೂ ಪರೀಕ್ಷೆಯಲ್ಲಿ ಲ್ಯಾನ್ ಲೇಸರ್ ಪಾಸ್. 9100 ಅನ್ನುವ ಪೋರ್ಟಿನಲ್ಲಿ (ಇದು ಕೇಬಲ್ ಹಾಕುವ ಜಾಗ ಅಲ್ಲ, ಪ್ರಿಂಟರ್ ನೆಟ್‌ವರ್ಕಿನಿಂದ ಕೆಲಸ ತಗೊಳ್ಳುವ ಬಾಗಿಲಿನ ಸಂಖ್ಯೆ) ಒಬ್ಬರ ಕೆಲಸ ನಡೆಯುತ್ತಿದ್ದರೆ ಇನ್ನೊಬ್ಬರ ಕಂಪ್ಯೂಟರ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಕಾಗದ ಮುಗಿದರೆ ಪ್ರಿಂಟರಿನ ಪುಟ್ಟ ಪರದೆಯೇ ಹೇಳುತ್ತದೆ, ತುಂಬಿದರೆ ಮುಂದುವರಿಯುತ್ತದೆ. ಒಂದೇ ಕೊರತೆ: ಕ್ಯೂ ಎಲ್ಲರಿಗೂ ಒಟ್ಟಾಗಿ ಒಂದೇ ಕಡೆ ಕಾಣುವುದಿಲ್ಲ. ಮುಂದೆ ಯಾರ ಎಷ್ಟು ಪುಟ ಇದೆ ಅಂತ ತಿಳಿಯದು.

ಬಣ್ಣದ ಪ್ರಿಂಟರ್ ವೈಫೈ ಮೇಲೆ ನಿಂತಿತು. ಇದರಲ್ಲಿ ನೋಟ್‌ಬುಕ್ ಸಾಲುಗಳು ಸ್ವಲ್ಪ ಜಾಸ್ತಿ. ಇಂಥ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೌಟರಿನಲ್ಲಿ ಆ ಬ್ಯಾಂಡ್ ಬಂದ್ ಆಗಿದ್ದರೆ ಹೆಸರೇ ಕಾಣುವುದಿಲ್ಲ. ಮೊಬೈಲ್ ಗೆಸ್ಟ್ ವೈಫೈನಲ್ಲಿ, ಪ್ರಿಂಟರ್ ಮುಖ್ಯ ವೈಫೈನಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ, ಅದು ಗೆಸ್ಟ್ ನೆಟ್‌ವರ್ಕಿನ ಉದ್ದೇಶವೇ. ಆದರೆ ಸರಿಯಾಗಿ ಸೇರಿದ ಮೇಲೆ ಸುಖ ಇದೆ. 2010ರ ನವೆಂಬರಿನಲ್ಲಿ ಐಒಎಸ್ 4.2 ಜೊತೆ ಆಪಲ್‌ನ ಏರ್‌ಪ್ರಿಂಟ್ ಬಂದಾಗಿನಿಂದ ಡ್ರೈವರ್ ಇಲ್ಲದೆ ಪ್ರಿಂಟ್ ಮಾಡುವ ರೂಢಿ ಬೆಳೆಯಿತು. 2013ರಲ್ಲಿ ಹುಟ್ಟಿದ ಮೋಪ್ರಿಯಾ, ಅಂದರೆ ಪ್ರಿಂಟರ್ ಕಂಪನಿಗಳ ಒಕ್ಕೂಟ, ಅದನ್ನು ಆಂಡ್ರಾಯ್ಡ್ ಕಡೆಗೂ ತಂದಿತು. ನಮ್ಮ ಮ್ಯಾಕ್, ಲಿನಕ್ಸ್, ಮೊಬೈಲ್ ಮೂರೂ ಏನೂ ಇನ್‌ಸ್ಟಾಲ್ ಮಾಡದೆ ಆ ಪ್ರಿಂಟರನ್ನು ಕಂಡುಕೊಂಡವು.

ಲ್ಯಾನ್ ಪೋರ್ಟ್, ವೈಫೈ ಎರಡೂ ಇದ್ದರೆ ಕೇಬಲ್ಲನ್ನೇ ಹಾಕಿ. ಪ್ರಿಂಟರ್ ಜಾಗ ಬಿಟ್ಟು ಅಲ್ಲಾಡುವುದಿಲ್ಲ, ಅದಕ್ಕೆ ವೈಫೈ ಯಾಕೆ?

ಯುಎಸ್‌ಬಿ ಮಾತ್ರ ಇರುವ ಪ್ರಿಂಟರಿಗೆ

ನಿಜವಾದ ಹೋಲಿಕೆ ಶುರುವಾಗುವುದು ಇಲ್ಲಿ. ಹಳೇ ಚಿಕ್ಕ ಲೇಸರ್ ಇನ್ನೂ ಗಟ್ಟಿಯಾಗಿದೆ, ಬಿಸಾಡೋಕೆ ಮನಸ್ಸಿಲ್ಲ. ಮೂರು ದಾರಿ ನೋಡಿದೆ.

ರೌಟರಿನ ಯುಎಸ್‌ಬಿ ಪೋರ್ಟ್ ಮೊದಲನೆಯದು. ಬೇಗ ಮುಗಿಸುತ್ತೇನೆ. ಕೆಲವು ರೌಟರ್‌ಗಳಲ್ಲಿ ಅಲ್ಲೇ ಪ್ರಿಂಟರ್ ತಗುಲಿಸಿ ಎಲ್ಲರಿಗೂ ಹಂಚುವ ಸೌಲಭ್ಯ ಇರುತ್ತದೆ. ಪ್ರಿಂಟರ್ ಕಡೆಯಿಂದ ವಾಪಸ್ ಬರುವ ಮಾಹಿತಿ ಕಂಪ್ಯೂಟರಿಗೆ ತಲುಪಲಿಲ್ಲ, ಹಾಗಾಗಿ ನಮ್ಮ ಈ ಪ್ರಿಂಟರ್ ಕೆಲಸವನ್ನೇ ಮಾಡಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಥರದ, ಅಕ್ಷರ ಕೊಟ್ಟರೆ ಹೊಡೆಯುವ ಪ್ರಿಂಟರಿಗೆ ಇದು ಸಾಕಾಗಬಹುದು.

ಎರಡನೆಯದು ಪ್ರಿಂಟ್ ಸರ್ವರ್ ಡಬ್ಬಿ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಲ್ಯಾನ್. ನೋಡೋಕೆ ಎಲ್ಲ ಒಂದೇ ಥರ, ಆದರೆ ಒಳಗೆ ಎರಡು ಜಾತಿ ಇವೆ, ತಗೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಒಂದು ಜಾತಿ ಪ್ರಿಂಟರಿಗೆ ನೆಟ್‌ವರ್ಕ್ ವಿಳಾಸ ಕೊಡುತ್ತದೆ, 9100 ಅಥವಾ ಎಲ್‌ಪಿಆರ್ ಅನ್ನುವ ಹಳೇ ಪ್ರಿಂಟ್ ಪದ್ಧತಿಯ 515 ಪೋರ್ಟಿನಲ್ಲಿ ಯಾರು ಬೇಕಾದರೂ ಕಳಿಸಬಹುದು. ಇನ್ನೊಂದು ಜಾತಿ ಯುಎಸ್‌ಬಿ ಕೇಬಲ್ಲನ್ನೇ ನೆಟ್‌ವರ್ಕಿನ ಮೇಲೆ ಉದ್ದ ಮಾಡುತ್ತದೆ. ಪ್ರತಿ ಕಂಪ್ಯೂಟರಿಗೂ ಅದರ ಸಾಫ್ಟ್‌ವೇರ್ ಹಾಕಬೇಕು, ಒಂದು ಹೊತ್ತಿಗೆ ಒಬ್ಬರೇ 'ಕನೆಕ್ಟ್' ಆಗಬಹುದು. ಬಳಸಿದವರು ಬಿಡುವುದನ್ನು ಮರೆತರೆ ಉಳಿದವರು ಕಾಯಬೇಕು. ಅಂದರೆ ಅದೇ ಹಳೇ ಸ್ವಿಚ್ ಬಾಕ್ಸ್, ಗುಂಡಿ ಪರದೆ ಮೇಲೆ ಬಂದಿದೆ ಅಷ್ಟೇ. ನಾನು ಹಾಕಿ ನೋಡಿದ್ದು ಎರಡನೇ ಜಾತಿ. ಬಣ್ಣದ ಪ್ರಿಂಟರಿನ ಸ್ಕ್ಯಾನರ್ ಚೆನ್ನಾಗಿ ನಡೆಯಿತು, ಪ್ರಿಂಟಿಗೆ ಕೂಗಾಟ ನಿಲ್ಲಲಿಲ್ಲ. "ಸರ್, ನೀವು ಡಿಸ್‌ಕನೆಕ್ಟ್ ಮಾಡಿದ್ರಾ?" ಅನ್ನುವುದು ಹೊಸ ಕೂಗು.

ಮೂರನೆಯದು ರಾಸ್ಪ್‌ಬೆರಿ ಪೈ, ಅದರಲ್ಲಿ ಕಪ್ಸ್. ನನಗೆ ಮನಸ್ಸು ತುಂಬಿದ್ದು ಇದರಲ್ಲಿ.

ಪೈ ಅಂದರೆ ಅಂಗೈ ಅಗಲದ ಕಂಪ್ಯೂಟರ್. ನಮ್ಮದರಲ್ಲಿ ನಾಲ್ಕು ಯುಎಸ್‌ಬಿ ಪೋರ್ಟ್ ಇವೆ, ಅಂದರೆ ನಾಲ್ಕು ಪ್ರಿಂಟರ್. ಕಪ್ಸ್ ಅನ್ನುವುದು ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ಪ್ರಿಂಟ್ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರ್. ಮೈಕೆಲ್ ಸ್ವೀಟ್ ಬರೆಯಲು ಶುರು ಮಾಡಿದ್ದು 1997ರಲ್ಲಿ, ಜನರ ಕೈಗೆ ಬಂದದ್ದು 1999ರಲ್ಲಿ. 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು, ಆದರೂ ಅದು ಮುಕ್ತ ತಂತ್ರಾಂಶವಾಗೇ ಉಳಿಯಿತು. ಇಷ್ಟು ವರ್ಷ ಇಷ್ಟು ಕಡೆ ತಿಕ್ಕಾಡಿ ಪಳಗಿದ ಸಾಮಾನು ಅದು, ಬಳಸುವಾಗ ಗೊತ್ತಾಗುತ್ತದೆ.

ಕಪ್ಸ್ ಹಾಕಿ, ನಮ್ಮ ಬಳಕೆದಾರ ಹೆಸರನ್ನು 'ಎಲ್‌ಪಿಅಡ್ಮಿನ್' ಅನ್ನುವ ಪ್ರಿಂಟರ್ ನೋಡಿಕೊಳ್ಳುವವರ ಗುಂಪಿಗೆ ಸೇರಿಸಿ, ಹೊರಗಿನಿಂದ ತೆರೆಯೋಕೆ ಕಪ್ಸ್‌ನಲ್ಲಿ ಅನುಮತಿ ಕೊಟ್ಟು, ಬೇರೆ ಕಂಪ್ಯೂಟರಿನಿಂದ ಬ್ರೌಸರಿನಲ್ಲಿ ಪೈ ವಿಳಾಸದ ಜೊತೆ 631 ಅನ್ನುವ ಪೋರ್ಟ್ ಕೊಟ್ಟರೆ ಇಡೀ ವ್ಯವಸ್ಥೆ ಕಣ್ಣೆದುರು ಬರುತ್ತದೆ. ಯಾವ ಪ್ರಿಂಟರ್, ಕ್ಯೂನಲ್ಲಿ ಯಾರ ಕೆಲಸ, ಎಷ್ಟು ಹೊತ್ತಿಗೆ ಕೊಟ್ಟದ್ದು, ಎಲ್ಲ ಒಂದೇ ಪುಟದಲ್ಲಿ. ಲ್ಯಾನ್ ಲೇಸರಿನಲ್ಲಿ ಇಲ್ಲ ಅಂದೆನಲ್ಲ, ಆ ಕೊರತೆ ಇಲ್ಲಿ ತೀರಿತು. ಎರಡು ಒಂದೇ ಥರದ ಪ್ರಿಂಟರ್ ಇದ್ದರೆ 'ಕ್ಲಾಸ್' ಮಾಡಬಹುದು, ವಿಂಡೋಸಿನ ಪೂಲಿಂಗ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಮ್ಯಾಕ್, ಲಿನಕ್ಸ್, ಐಫೋನ್‌ಗಳು ಶೇರ್ ಆದ ಪ್ರಿಂಟರನ್ನು ತಾವಾಗೇ ಕಂಡುಕೊಂಡವು. ಹಳೇ ಯುಎಸ್‌ಬಿ ಪ್ರಿಂಟರಿಗೆ ಫೋನಿನಿಂದ ಪ್ರಿಂಟ್ ಬಂದಾಗ ಇಡೀ ಕೋಣೆ ಎದ್ದು ಬಂದು ನೋಡಿತು. ವಿಂಡೋಸಿನಲ್ಲಿ ಪ್ರಿಂಟರಿನ ಪೂರ್ತಿ ವಿಳಾಸ ಕೈಯಾರೆ ಕೊಟ್ಟು ಸೇರಿಸಬೇಕಾಯಿತು, ಅದೂ ಒಂದು ಸಲ ಮಾತ್ರ.

ಕಷ್ಟ ಇರಲಿಲ್ಲವೇ? ಇತ್ತು. ದೊಡ್ಡ ಕಷ್ಟ ಡ್ರೈವರಿನದು. ಪ್ರಿಂಟರ್ ಕಂಪನಿಗಳು ಲಿನಕ್ಸಿಗೆ ಡ್ರೈವರ್ ಕೊಟ್ಟಿದ್ದರೂ ಎಷ್ಟೋ ಸಲ ಅದು ಇಂಟೆಲ್ ಥರದ ಪ್ರೊಸೆಸರಿಗೆ ಮಾತ್ರ. ಪೈ ಒಳಗಿರುವುದು ಆರ್ಮ್ ಅನ್ನುವ ಬೇರೆ ಥರದ ಪ್ರೊಸೆಸರ್, ಅದರಲ್ಲಿ ಆ ಡ್ರೈವರ್ ಓಡುವುದಿಲ್ಲ. ಜನರೇ ಬರೆದ ಗುಟನ್‌ಪ್ರಿಂಟ್, ಎಸ್‌ಪ್ಲಿಕ್ಸ್, ಫೂ2ಝಡ್‌ಜೆಎಸ್ ಥರದ ಡ್ರೈವರ್‌ಗಳು ಆಗ ಕೈ ಹಿಡಿಯುತ್ತವೆ. ನಮ್ಮ ಚಿಕ್ಕ ಲೇಸರಿನದು ಇನ್ನೂ ಒಂದು ವಿಚಿತ್ರ. ಅದಕ್ಕೆ ಸ್ವಂತ ನೆನಪಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ಒಳಗಿನಿಂದ ನಡೆಸುವ ತಂತ್ರಾಂಶ, ತುಂಬಬೇಕು. ಆಮೇಲೇ ಅದು ಪ್ರಿಂಟರ್. ಮೊದಲು ಇದು ತಿಳಿಯದೆ, ಕ್ಯೂ ಸರಿ ಇದೆ, ಕೇಬಲ್ ಸರಿ ಇದೆ, ಆದರೆ ಪ್ರಿಂಟರ್ ಸುಮ್ಮನೆ ಕೂತಿದೆ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡೆ. ತಿಳಿದ ಮೇಲೆ ಸುಲಭ. ಯುಎಸ್‌ಬಿ ತಗುಲಿದ ಕೂಡಲೇ ಪೈ ತಾನೇ ಫರ್ಮ್‌ವೇರ್ ಕಳಿಸುವಂತೆ ಮಾಡಿದೆ. ಈಗ ಸ್ವಿಚ್ ಒತ್ತಿದರೆ ಕೆಲವು ಸೆಕೆಂಡಿನಲ್ಲಿ ಪ್ರಿಂಟರ್ ಒಳಗಿನ ಮೋಟರ್ ಒಮ್ಮೆ ಗುರ್ ಅನ್ನುತ್ತದೆ. ಆ ಸದ್ದು ಕೇಳಿದರೆ ಫರ್ಮ್‌ವೇರ್ ಹೋಯಿತು ಅಂತ ಅರ್ಥ.

ಮೂರನೇ ಪರೀಕ್ಷೆಯಲ್ಲಿ ಮೊದಲ ವಾರ ಬಿತ್ತು. ಕಾಗದ ಸಿಕ್ಕಿಹಾಕಿಕೊಂಡಿತು, ತೆಗೆದೆವು, ಆದರೂ ಪ್ರಿಂಟ್ ಮುಂದುವರಿಯಲಿಲ್ಲ. ನೋಡಿದರೆ ಎರರ್ ಬಂದಾಗ ಪ್ರಿಂಟರನ್ನೇ ನಿಲ್ಲಿಸು ಅನ್ನುವ ನಿಯಮ ಇತ್ತು. ಯಾರಾದರೂ ಆ ಪುಟಕ್ಕೆ ಹೋಗಿ 'ರೆಸ್ಯೂಮ್' ಒತ್ತುವವರೆಗೆ ಎಲ್ಲರೂ ಕಾಯಬೇಕು. ಎರರ್ ಪಾಲಿಸಿ ಅನ್ನುವಲ್ಲಿ ಮತ್ತೆ ಪ್ರಯತ್ನಿಸು ಅಂತ ಬದಲಿಸಿದ ಮೇಲೆ ಆ ತೊಂದರೆ ಬರಲಿಲ್ಲ. ಇನ್ನೊಂದು ಎಚ್ಚರ ಮೆಮೊರಿ ಕಾರ್ಡಿನದು. ಕರೆಂಟ್ ಪದೇ ಪದೇ ಹೋದರೆ ಕಾರ್ಡಿನಲ್ಲಿರುವುದು ಕೆಡಬಹುದು. ಎಲ್ಲ ಸರಿಯಾದ ದಿನವೇ ಕಾರ್ಡಿನ ಪೂರ್ತಿ ನಕಲು ಮಾಡಿ ಇನ್ನೊಂದು ಕಾರ್ಡಿನಲ್ಲಿ ಇಟ್ಟಿದ್ದೇನೆ.

ಇಂಟರ್ನೆಟ್ ಸುತ್ತಿ ಬರುವ ಕ್ಲೌಡ್ ಪ್ರಿಂಟ್ ನೋಡಲಿಲ್ಲ. ಗೂಗಲ್ ತನ್ನ ಕ್ಲೌಡ್ ಪ್ರಿಂಟ್ ಸೇವೆಯನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಅದನ್ನೇ ನಂಬಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಒಂದೇ ಕೋಣೆಯ ಪ್ರಿಂಟಿಗೆ ಹೊರಗಿನ ಸೇವೆ ಯಾಕೆ ಅನ್ನುವುದು ನನ್ನ ಅಭಿಪ್ರಾಯ.

ಎದುರೆದುರು ಇಟ್ಟು ನೋಡಿದರೆ

ಬೆಳಗಿನ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ ಅಂತ ಈಗ ನನಗೆ ಖಚಿತ. ಪ್ರಿಂಟರ್ ಯಾರದೋ ಕಂಪ್ಯೂಟರಿಗೆ ನೇತು ಬಿದ್ದಿರಬಾರದು. ಹಂಚುವ ಕೆಲಸ ಮಾಡುವುದು ಸದಾ ಎಚ್ಚರವಾಗಿರುವ, ಯಾರೂ ಕೂತು ಬಳಸದ ಒಂದು ಸಾಮಾನಾಗಿರಬೇಕು. ಪ್ರಿಂಟರಿಗೇ ಲ್ಯಾನ್ ಇದ್ದರೆ ಅದೇ ಆ ಸಾಮಾನು. ಇಲ್ಲದಿದ್ದರೆ ಪೈ. ವಿಂಡೋಸ್ ಶೇರಿಂಗ್ ಸುಲಭದಲ್ಲಿ ಗೆಲ್ಲುತ್ತದೆ, ಆದರೆ ಆ ಸುಲಭ ಮೊದಲ ದಿನಕ್ಕೆ ಮಾತ್ರ. ಪೈ ಹಾಕಲು ಒಂದು ವಾರಾಂತ್ಯ ಹೋಯಿತು, ಆಮೇಲೆ ನಾನು ಅದನ್ನು ಮುಟ್ಟಿದ್ದು ಅಪ್‌ಡೇಟ್‌ಗೆ ಮಾತ್ರ. ಲಿನಕ್ಸಿನ ಕಪ್ಪು ಪರದೆ ನೋಡಿದರೆ ಭಯ ಆಗುವವರಿಗೆ, ಯುಎಸ್‌ಬಿ ಪ್ರಿಂಟರ್ ಒಂದೇ ಇದ್ದರೆ, ಮೊದಲ ಜಾತಿಯ ಪ್ರಿಂಟ್ ಸರ್ವರ್ ಡಬ್ಬಿಯನ್ನು ನೋಡಿ ಅನ್ನುತ್ತೇನೆ. ಆದರೆ ನಿಮ್ಮ ಪ್ರಿಂಟರ್ ಫರ್ಮ್‌ವೇರ್ ಕೇಳುವ ಜಾತಿಯದಲ್ಲ ಅಂತ ಮೊದಲು ನೋಡಿಕೊಳ್ಳಿ.

ಹೊಸ ಪ್ರಿಂಟರ್ ತಗೊಳ್ಳುವವರಿಗೆ ಇನ್ನೊಂದು ಮಾತು. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಹೇಳಿದೆ. ಮುಂದಿನ ದಾರಿ ಐಪಿಪಿ, ಅಂದರೆ ಡ್ರೈವರ್ ಬೇಡದ ಪ್ರಿಂಟಿಂಗ್. ಹಾಗಾಗಿ ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಗುರುತು ಇದೆಯಾ, ಲ್ಯಾನ್ ಪೋರ್ಟ್ ಇದೆಯಾ ಅಂತ ನೋಡಿ. ಪುಟದ ವೇಗಕ್ಕಿಂತ ಇವೆರಡು ಜಾಸ್ತಿ ದಿನ ಉಪಯೋಗಕ್ಕೆ ಬರುತ್ತವೆ.

ಪ್ರಿಂಟ್ ತಪ್ಪು ಜಾಗಕ್ಕೆ ಹೋಗುವ ತೊಂದರೆ ಮಾತ್ರ ಯಾವ ದಾರಿಯಿಂದಲೂ ತಾನಾಗಿ ಹೋಗಲಿಲ್ಲ. ವಿಂಡೋಸ್ 10ರಿಂದ ಈಚೆಗೆ 'ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ' ಅನ್ನುವ ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗುತ್ತದೆ. ಒಂದು ಸಲ ಬಣ್ಣದ ಪ್ರಿಂಟ್ ತೆಗೆದವರ ಮುಂದಿನ ಕಪ್ಪು-ಬಿಳುಪು ಪುಟವೂ ಅಲ್ಲಿಗೇ ಹೋಗುತ್ತದೆ. ನಾಲ್ಕು ಪ್ರಿಂಟರ್ ಇರುವ ಕಡೆ ಅದನ್ನು ಮೊದಲು ಆಫ್ ಮಾಡಬೇಕು. ಜೊತೆಗೆ ಪ್ರಿಂಟರ್‌ಗಳ ಹೆಸರು ಬದಲಿಸಿದೆ. ಮಾದರಿ ಸಂಖ್ಯೆ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. 'ಬಾಗಿಲು-ಕಪ್ಪು', 'ಕಿಟಕಿ-ಬಣ್ಣ', 'ಮೂಲೆ-ಚಿಕ್ಕದು'. ಐದೂ ಕಂಪ್ಯೂಟರಿನಲ್ಲಿ ಇದೇ ಹೆಸರು, ಪ್ರಿಂಟರಿನ ನೆತ್ತಿ ಮೇಲೆ ಇದೇ ಹೆಸರಿನ ಚೀಟಿ.

ನಾಲ್ಕನೆಯದನ್ನು ಹಂಚಲೇ ಇಲ್ಲ. ಡಾಟ್ ಮ್ಯಾಟ್ರಿಕ್ಸ್ ಬಳಸುವುದು ಮೇಡಂ ಒಬ್ಬರೇ. ಅದು ಅವರ ಕಂಪ್ಯೂಟರಿಗೇ ನೇರವಾಗಿ ತಗುಲಿಕೊಂಡಿದೆ, ಅವರು ಬಂದಾಗ ಆನ್, ಹೋಗುವಾಗ ಆಫ್. ಬಣ್ಣದ ಪ್ರಿಂಟರಿನ ಸ್ಕ್ಯಾನರಿಗೆ ಬೇರೆ ಏನೂ ಮಾಡಬೇಕಾಗಲಿಲ್ಲ. ಅದು ನೆಟ್‌ವರ್ಕಿನಲ್ಲಿ ನೇರವಾಗಿ ಇರುವುದರಿಂದ ಮ್ಯಾಕ್ ಮತ್ತು ಲಿನಕ್ಸಿಗೆ ಡ್ರೈವರ್ ಇಲ್ಲದೇ ಸಿಕ್ಕಿತು. ವಿಂಡೋಸ್ ಶೇರಿಂಗ್‌ನಲ್ಲಿ ಪ್ರಿಂಟರ್ ಮಾತ್ರ ಹಂಚಿಹೋಗುತ್ತದೆ, ಸ್ಕ್ಯಾನರ್ ಹೋಗುವುದಿಲ್ಲ. ನಿಮ್ಮಲ್ಲಿ ಸ್ಕ್ಯಾನ್ ಕೆಲಸ ಜಾಸ್ತಿ ಇದ್ದರೆ ಆ ಒಂದು ಕಾರಣಕ್ಕೇ ಪ್ರಿಂಟರನ್ನು ನೇರವಾಗಿ ನೆಟ್‌ವರ್ಕಿಗೆ ಸೇರಿಸಿ.